ಅಮೆರಿಕದ ಟಿವಿ ಸುದ್ದಿಯ ಬೇರು ರೇಡಿಯೊದಲ್ಲಿದೆ: ಕೇಂದ್ರ, ಜಾಲ, ಸುದ್ದಿಮನೆಗಳ ನಂಟು ಏನು?

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಬಿಸಿ ಸಂಸ್ಥೆ ಜಿಮ್ಮಿ ಕಿಮ್ಮೆಲ್ ನಡೆಸುವ ರಾತ್ರಿಯ ಕಾರ್ಯಕ್ರಮವನ್ನು ನಿಲ್ಲಿಸಿತು. ವಾರ ತುಂಬುವ ಮೊದಲೇ ಅದನ್ನು ಮತ್ತೆ ಆರಂಭಿಸಿತು. ಆದರೆ ನೆಕ್ಸ್‌ಸ್ಟಾರ್ ಮತ್ತು ಸಿಂಕ್ಲೇರ್ ಎಂಬ ಎರಡು ಕಂಪನಿಗಳ ಒಡೆತನದಲ್ಲಿದ್ದ ಎಬಿಸಿ ಕೇಂದ್ರಗಳು ಇನ್ನೂ ಕೆಲವು ದಿನ ಅದನ್ನು ತೋರಿಸಲೇ ಇಲ್ಲ. ಅದೇ ವರ್ಷದ ಜುಲೈನಲ್ಲಿ ಅಲ್ಲಿನ ಸಂಸತ್ತು ಸಾರ್ವಜನಿಕ ರೇಡಿಯೊ ಮತ್ತು ಟಿವಿಗೆಂದು ಮಂಜೂರು ಮಾಡಿದ್ದ ಸುಮಾರು 110 ಕೋಟಿ ಡಾಲರ್‌ಗಳನ್ನು ಹಿಂಪಡೆದಿತ್ತು.

ಈ ಎರಡು ಸುದ್ದಿಗಳನ್ನು ಇಲ್ಲಿ ಕುಳಿತು ಓದಿದವರಿಗೆ ಕೆಲವು ಪ್ರಶ್ನೆಗಳು ಏಳುವುದು ಸಹಜ. ಎಬಿಸಿಯ ಕಾರ್ಯಕ್ರಮವನ್ನು ಎಬಿಸಿ ಕೇಂದ್ರವೇ ಬೇಡ ಎನ್ನಬಹುದೇ? ಸಾರ್ವಜನಿಕ ರೇಡಿಯೊದ ಎನ್‌ಪಿಆರ್ ಮತ್ತು ಸಾರ್ವಜನಿಕ ಟಿವಿಯ ಪಿಬಿಎಸ್ ಒಂದೇ ಸಂಸ್ಥೆಯೇ? ನ್ಯೂಜೆರ್ಸಿಯಲ್ಲಿರುವ ಬಂಧುವಿನ ಕಾರಿನ ರೇಡಿಯೊದಲ್ಲಿ ಬರುವ ಎನ್‌ಬಿಸಿ ವಾರ್ತೆಯೂ ಅವರ ಮನೆಯ ಟಿವಿಯಲ್ಲಿ ಬರುವ ಎನ್‌ಬಿಸಿ ವಾರ್ತೆಯೂ ಒಂದೇ ಕಡೆ ಸಿದ್ಧವಾಗುತ್ತವೆಯೇ?

ನಮಗೆ ಇದು ಗೊಂದಲವೆನಿಸಲು ಕಾರಣವಿದೆ. ನಮ್ಮ ಸುದ್ದಿವಾಹಿನಿ ಬೆಂಗಳೂರಿನ ಸ್ಟುಡಿಯೊದಿಂದ ಉಪಗ್ರಹಕ್ಕೆ ಏರಿ, ಕೇಬಲ್ ಅಥವಾ ಡಿಶ್ ಮೂಲಕ ಬೀದರ್‌ನಿಂದ ಚಾಮರಾಜನಗರದವರೆಗೆ ಒಂದೇ ರೂಪದಲ್ಲಿ ಇಳಿಯುತ್ತದೆ. ನಮ್ಮ ಖಾಸಗಿ ಎಫ್‌ಎಂ ಕೇಂದ್ರಗಳಿಗೆ ಸ್ವಂತ ವಾರ್ತೆ ಬಿತ್ತರಿಸಲು ಅನುಮತಿಯೇ ಇಲ್ಲ. ಹಾಗಾಗಿ ಖಾಸಗಿ ಟಿವಿ ಸುದ್ದಿಗೂ ರೇಡಿಯೊಗೂ ಇಲ್ಲಿ ನಂಟು ಬೆಳೆಯಲಿಲ್ಲ. ಅಮೆರಿಕದಲ್ಲಿ ನಡೆದದ್ದು ಬೇರೆ. ಅಲ್ಲಿ ಟಿವಿ ಸುದ್ದಿ ರೇಡಿಯೊದ ಮನೆಯಲ್ಲಿ, ರೇಡಿಯೊದ ಹಣದಲ್ಲಿ, ರೇಡಿಯೊದ ನಿಯಮಗಳ ಅಡಿಯಲ್ಲಿ ಹುಟ್ಟಿತು. ಆ ನಿಯಮಗಳಲ್ಲಿ ಒಂದು 2025ರ ಸೆಪ್ಟೆಂಬರ್‌ನಲ್ಲೂ ಕೆಲಸ ಮಾಡುತ್ತಿತ್ತು.

## ಮೊದಲು ಮೂರು ಪದಗಳು

ಕೇಂದ್ರ, ಜಾಲ, ಸುದ್ದಿಮನೆ. ಈ ಮೂರನ್ನು ಬೇರೆ ಬೇರೆಯಾಗಿ ನೋಡಲು ಕಲಿತರೆ ಅಮೆರಿಕದ ಪ್ರಸಾರ ವ್ಯವಸ್ಥೆ ಬಹುಮಟ್ಟಿಗೆ ಅರ್ಥವಾಗುತ್ತದೆ.

ಕೇಂದ್ರ ಎಂದರೆ ಒಂದು ಊರಿನಲ್ಲಿ ಗೋಪುರ ನಿಲ್ಲಿಸಿ, ಗೊತ್ತುಪಡಿಸಿದ ತರಂಗಾಂತರದಲ್ಲಿ ಪ್ರಸಾರ ಮಾಡುವ ಸಂಸ್ಥೆ. ಡಬ್ಲ್ಯುಸಿಬಿಎಸ್, ಕೆವೈಡಬ್ಲ್ಯು ಎಂಬಂಥ ಅಕ್ಷರಗುಂಪು ಅದರ ಹೆಸರು. ಸರ್ಕಾರದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, ಪರವಾನಗಿ ಕೊಡುವುದು ಕೇಂದ್ರಕ್ಕೆ ಮಾತ್ರ. ಜಾಲ ಎಂದರೆ ಹಲವು ಕೇಂದ್ರಗಳಿಗೆ ಕಾರ್ಯಕ್ರಮ ಪೂರೈಸುವ ಕಂಪನಿ. ಅದಕ್ಕೆ ಪ್ರತ್ಯೇಕ ಪರವಾನಗಿ ಇಲ್ಲ. ಸುದ್ದಿಮನೆ ಎಂದರೆ ವರದಿಗಾರರು, ಸಂಪಾದಕರು, ಛಾಯಾಗ್ರಾಹಕರು ಸೇರಿ ಸುದ್ದಿ ಸಿದ್ಧಪಡಿಸುವ ಜಾಗ.

ಕೆಲವು ಕೇಂದ್ರಗಳು ಜಾಲದ ಸ್ವಂತದ್ದು. ಉಳಿದ ಬಹುಪಾಲು ಕೇಂದ್ರಗಳಿಗೆ ಬೇರೆ ಒಡೆಯರಿದ್ದಾರೆ. ಅವರು ಜಾಲದ ಜೊತೆ ಒಪ್ಪಂದ ಮಾಡಿಕೊಂಡಿರುತ್ತಾರೆ. ಇಂಥ ಕೇಂದ್ರಕ್ಕೆ ಅಫಿಲಿಯೇಟ್ ಎನ್ನುತ್ತಾರೆ. ನಮ್ಮ ಬಡಾವಣೆಯ ನಂದಿನಿ ಬೂತನ್ನು ನೆನಪಿಸಿಕೊಳ್ಳಿ. ಹಾಲು ಬರುವುದು ಒಕ್ಕೂಟದಿಂದ, ಫಲಕದ ಮೇಲಿರುವುದು ನಂದಿನಿಯ ಹೆಸರು. ಆದರೆ ಬೂತ್ ನಡೆಸುವವರು ಒಕ್ಕೂಟದ ನೌಕರರಲ್ಲ. ಅದೇ ಕಟ್ಟೆಯ ಮೇಲೆ ಅವರು ಬ್ರೆಡ್ಡು, ಬನ್ನುಗಳನ್ನೂ ಮಾರುತ್ತಾರೆ. ಅಫಿಲಿಯೇಟ್ ಕೇಂದ್ರವೂ ಹಾಗೆಯೇ: ರಾಷ್ಟ್ರೀಯ ವಾರ್ತೆ ಜಾಲದ್ದು, ಊರಿನ ವಾರ್ತೆ ಕೇಂದ್ರದ್ದು.

## ದೂರವಾಣಿ ತಂತಿಯ ಮೇಲೆ ಕಟ್ಟಿದ ಜಾಲ

1920ರ ನವೆಂಬರ್ 2ರ ರಾತ್ರಿ ಪಿಟ್ಸ್‌ಬರ್ಗ್‌ನ ಕೆಡಿಕೆಎ ಕೇಂದ್ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನು ಬಿತ್ತರಿಸಿತು. ಕೇಂದ್ರವನ್ನು ನಡೆಸುತ್ತಿದ್ದುದು ರೇಡಿಯೊ ಯಂತ್ರಗಳನ್ನು ತಯಾರಿಸುವ ವೆಸ್ಟಿಂಗ್‌ಹೌಸ್ ಕಂಪನಿ. ಫಲಿತಾಂಶ ಬಂದದ್ದು ಸ್ಥಳೀಯ ಪತ್ರಿಕೆಯೊಂದರ ಕಚೇರಿಯಿಂದ, ದೂರವಾಣಿಯ ಮೂಲಕ. ಅಂದರೆ ಆರಂಭದ ದಿನಗಳ ಈ ಹೆಸರಾಂತ ಪ್ರಸಾರಕ್ಕೆ ಸ್ವಂತ ಸುದ್ದಿಮನೆ ಎಂಬುದೇ ಇರಲಿಲ್ಲ.

ಒಂದು ಊರಿನ ಕೇಂದ್ರಕ್ಕೆ ದೊಡ್ಡ ಗಾಯಕರನ್ನೂ ನಟರನ್ನೂ ಕರೆಸುವಷ್ಟು ಹಣ ಎಲ್ಲಿಂದ ಬರಬೇಕು? ನ್ಯೂಯಾರ್ಕ್‌ನಲ್ಲಿ ಒಮ್ಮೆ ನಡೆದ ಕಾರ್ಯಕ್ರಮವನ್ನು ದೂರವಾಣಿ ತಂತಿಯ ಮೂಲಕ ಹತ್ತಾರು ಊರಿನ ಕೇಂದ್ರಗಳಿಗೆ ಏಕಕಾಲಕ್ಕೆ ಕಳುಹಿಸಿದರೆ ಖರ್ಚು ಹಂಚಿಹೋಗುತ್ತದೆ, ಜಾಹೀರಾತುದಾರನಿಗೂ ದೇಶದಾದ್ಯಂತ ಕೇಳುಗರು ಸಿಗುತ್ತಾರೆ. ಈ ಲೆಕ್ಕಾಚಾರದಿಂದ 1926ರ ನವೆಂಬರ್ 15ರಂದು ಎನ್‌ಬಿಸಿ ಪ್ರಸಾರ ಆರಂಭಿಸಿತು. ಸ್ವಲ್ಪ ಕಾಲದಲ್ಲೇ ಅದು ಕೆಂಪು ಜಾಲ, ನೀಲಿ ಜಾಲ ಎಂದು ಎರಡಾಯಿತು. 1927ರ ಸೆಪ್ಟೆಂಬರ್ 18ರಂದು 16 ಕೇಂದ್ರಗಳೊಡನೆ ಸಿಬಿಎಸ್ ಹುಟ್ಟಿತು. ಮರುವರ್ಷ ವಿಲಿಯಂ ಪೇಲಿ ಅದರ ಚುಕ್ಕಾಣಿ ಹಿಡಿದರು. 1934ರಲ್ಲಿ ಮ್ಯೂಚುವಲ್ ಎಂಬ ಇನ್ನೊಂದು ಜಾಲ ಬಂತು.

ಜಾಲಗಳು ಬಲಿತಂತೆ ಕೇಂದ್ರಗಳ ಮೇಲೆ ಅವುಗಳ ಹಿಡಿತವೂ ಬಿಗಿಯಾಯಿತು. ಒಪ್ಪಂದದ ಕಾಗದಕ್ಕೆ ಸಹಿ ಹಾಕಿದ ಕೇಂದ್ರ ತನ್ನ ಊರಿಗೆ ಏನು ಬೇಕೆಂದು ತಾನೇ ತೀರ್ಮಾನಿಸುವಂತಿರಲಿಲ್ಲ. 1941ರಲ್ಲಿ ಎಫ್‌ಸಿಸಿ ಮಧ್ಯೆ ಪ್ರವೇಶಿಸಿತು. ಅದು ಹೊರಡಿಸಿದ ನಿಯಮಗಳಲ್ಲಿ ಎರಡು ಈ ಲೇಖನಕ್ಕೆ ಮುಖ್ಯ. ಒಂದು, ಒಂದೇ ಕಂಪನಿ ಎರಡು ಜಾಲಗಳನ್ನು ಏಕಕಾಲಕ್ಕೆ ನಡೆಸುವಂತಿಲ್ಲ. ಎರಡು, ಜಾಲ ಕಳುಹಿಸಿದ ಕಾರ್ಯಕ್ರಮ ತನ್ನ ಊರಿನ ಜನರಿಗೆ ತಕ್ಕುದಲ್ಲ ಎನಿಸಿದರೆ ಅದನ್ನು ನಿರಾಕರಿಸುವ ಹಕ್ಕು ಕೇಂದ್ರಕ್ಕೆ ಇರಬೇಕು. ಎನ್‌ಬಿಸಿ ನ್ಯಾಯಾಲಯಕ್ಕೆ ಹೋಯಿತು. 1943ರಲ್ಲಿ ಸುಪ್ರೀಂ ಕೋರ್ಟ್ ಎಫ್‌ಸಿಸಿಯ ಪರ ತೀರ್ಪು ಕೊಟ್ಟಿತು.

ಮೊದಲ ನಿಯಮದಿಂದಾಗಿ ಎನ್‌ಬಿಸಿ ತನ್ನ ನೀಲಿ ಜಾಲವನ್ನು ಮಾರಬೇಕಾಯಿತು. ಲೈಫ್ ಸೇವರ್ಸ್ ಎಂಬ ಪೆಪ್ಪರ್‌ಮೆಂಟಿನಿಂದ ಶ್ರೀಮಂತರಾಗಿದ್ದ ಎಡ್ವರ್ಡ್ ನೋಬಲ್ ಅದನ್ನು 80 ಲಕ್ಷ ಡಾಲರ್‌ಗೆ ಕೊಂಡರು. 1945ರಲ್ಲಿ ಅದಕ್ಕೆ ಎಬಿಸಿ ಎಂಬ ಹೆಸರು ಬಂತು. ಎರಡನೆಯ ನಿಯಮವನ್ನು ಮುಂದೆ ಟಿವಿಗೂ ಅನ್ವಯಿಸಲಾಯಿತು. 2025ರಲ್ಲಿ ಎಬಿಸಿಯ ಅಫಿಲಿಯೇಟ್‌ಗಳು ಎಬಿಸಿಯ ಕಾರ್ಯಕ್ರಮವನ್ನು ತಡೆಹಿಡಿದದ್ದರ ಹಿಂದೆ ಇದ್ದದ್ದು ಈ ಹಕ್ಕೇ. ಅದನ್ನು ಬಳಸಿದ್ದು ಸರಿಯೇ ಎಂಬ ಚರ್ಚೆ ಬೇರೆ. ಹಕ್ಕು ಮಾತ್ರ ರೇಡಿಯೊ ಕಾಲದ್ದು.

## ಐದು ನಗರ, ಒಂದು ಅರ್ಧಗಂಟೆ

ಸುದ್ದಿ ರೇಡಿಯೊಗೆ ಸುಲಭವಾಗಿ ದಕ್ಕಲಿಲ್ಲ. ಓದುಗರೂ ಜಾಹೀರಾತೂ ಕೈತಪ್ಪುವ ಭಯದಿಂದ ಪತ್ರಿಕೆಗಳು ತಿರುಗಿಬಿದ್ದವು. 1933ರ ಕೊನೆಯಲ್ಲಿ ನ್ಯೂಯಾರ್ಕ್‌ನ ಬಿಲ್ಟ್‌ಮೋರ್ ಹೋಟೆಲಿನಲ್ಲಿ ಆದ ರಾಜಿಯ ಪ್ರಕಾರ ಜಾಲಗಳು ದಿನಕ್ಕೆ ಎರಡೇ ಬಾರಿ, ತಲಾ ಐದು ನಿಮಿಷದ ವಾರ್ತೆಗೆ ಒಪ್ಪಿಕೊಂಡವು. ಆ ರಾಜಿ ಬಹಳ ಕಾಲ ಬಾಳಲಿಲ್ಲ.

ಇಂದು ಯಾವುದೇ ದೇಶದ ಟಿವಿ ಸುದ್ದಿಯಲ್ಲಿ ನಾವು ಕಾಣುವ ರೂಪ, ಅಂದರೆ ನಿರೂಪಕರು ಸ್ಟುಡಿಯೊದಲ್ಲಿ ಕುಳಿತು ಒಬ್ಬೊಬ್ಬ ವರದಿಗಾರರನ್ನೇ ದೂರದ ಊರಿನಿಂದ ಮಾತಿಗೆ ಕರೆಯುವ ರೂಪ, ಗಟ್ಟಿಗೊಂಡದ್ದು 1938ರ ಮಾರ್ಚ್ 13ರ ಭಾನುವಾರ. ಹಿಂದಿನ ದಿನವಷ್ಟೇ ಹಿಟ್ಲರನ ಸೇನೆ ಆಸ್ಟ್ರಿಯಾಕ್ಕೆ ನುಗ್ಗಿತ್ತು. ಸಿಬಿಎಸ್‌ನ ವಿಲಿಯಂ ಶೈರರ್ ವಿಯೆನ್ನಾದಲ್ಲೇ ಇದ್ದು ಎಲ್ಲವನ್ನೂ ಕಣ್ಣಾರೆ ಕಂಡಿದ್ದರು. ಆದರೆ ನಾಜಿಗಳು ಅವರನ್ನು ಅಲ್ಲಿನ ರೇಡಿಯೊ ಕೇಂದ್ರದಿಂದ ಮಾತನಾಡಲು ಬಿಡಲಿಲ್ಲ. ಅವರು ವಿಮಾನ ಹತ್ತಿ ಲಂಡನ್‌ಗೆ ಹೋಗಿ ಅಲ್ಲಿಂದ ಮಾತನಾಡಿದರು. ಅವರ ಸಹೋದ್ಯೋಗಿ ಎಡ್ವರ್ಡ್ ಮರೊ ಆಗ ಪೋಲೆಂಡಿನಲ್ಲಿದ್ದರು. ಅವರ ಕೆಲಸ ವರದಿಗಾರಿಕೆಯಲ್ಲ. ಯುರೋಪಿನಿಂದ ಭಾಷಣ, ಸಂಗೀತದ ಪ್ರಸಾರಗಳಿಗೆ ಏರ್ಪಾಡು ಮಾಡುವುದು. ಅವರು ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿದು ವಿಯೆನ್ನಾಕ್ಕೆ ಧಾವಿಸಿದರು.

ನ್ಯೂಯಾರ್ಕ್‌ನಿಂದ ಬಂದ ಸೂಚನೆ ಇಷ್ಟು: ಇಂದು ರಾತ್ರಿ ಅರ್ಧ ಗಂಟೆಯ ಕಾರ್ಯಕ್ರಮ, ಯುರೋಪಿನ ಐದು ನಗರಗಳಿಂದ ನೇರವಾಗಿ. ಕೈಯಲ್ಲಿದ್ದದ್ದು ಕೆಲವೇ ಗಂಟೆ. ಲಂಡನ್, ಪ್ಯಾರಿಸ್, ಬರ್ಲಿನ್, ರೋಮ್, ವಿಯೆನ್ನಾಗಳಿಂದ ಧ್ವನಿಯನ್ನು ಕಿರುತರಂಗಗಳ ಮೂಲಕ ಅಟ್ಲಾಂಟಿಕ್ ದಾಟಿಸಬೇಕಿತ್ತು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವ ಭರವಸೆ ಇರಲಿಲ್ಲವಾದ್ದರಿಂದ ಎಲ್ಲರೂ ಗಡಿಯಾರ ನೋಡಿಕೊಂಡು, ತಮ್ಮ ಪಾಲಿನ ನಿಮಿಷ ಬಂದೊಡನೆ ಮಾತು ಆರಂಭಿಸಿ ಹೊತ್ತಿಗೆ ಸರಿಯಾಗಿ ಮುಗಿಸಬೇಕಿತ್ತು. ರೋಮ್‌ನಲ್ಲಿ ಪ್ರಸಾರದ ವ್ಯವಸ್ಥೆ ಕೈಕೊಟ್ಟಿತು. ಅಲ್ಲಿನ ವರದಿಗಾರ ತಮ್ಮ ಬರಹವನ್ನು ದೂರವಾಣಿಯಲ್ಲಿ ಲಂಡನ್‌ಗೆ ಓದಿ ಹೇಳಿದರು, ಶೈರರ್ ಅದನ್ನು ತಮ್ಮ ದನಿಯಲ್ಲಿ ಬಿತ್ತರಿಸಿದರು. ನ್ಯೂಯಾರ್ಕ್‌ನ ಸ್ಟುಡಿಯೊದಲ್ಲಿ ಕುಳಿತು ಇವರೆಲ್ಲರನ್ನೂ ಒಂದು ದಾರಕ್ಕೆ ಪೋಣಿಸಿದವರು ರಾಬರ್ಟ್ ಟ್ರೌಟ್.

ಇದೇ ‘ವರ್ಲ್ಡ್ ನ್ಯೂಸ್ ರೌಂಡಪ್’. ಆ ಬಳಿಕ ಅದು ದಶಕಗಳ ಕಾಲ ನಡೆಯಿತು. ಮರೊ ಅಂದು ವರದಿಗಾರರಾದರು. ಎರಡು ವರ್ಷಗಳ ನಂತರ ಲಂಡನ್ ಮೇಲೆ ಬಾಂಬ್ ಬೀಳುವಾಗ ಅವರ ದನಿ ಅಮೆರಿಕದ ಮನೆಮನೆಯಲ್ಲೂ ಕೇಳುತ್ತಿತ್ತು.

ಆ ಕಾಲದ ಇನ್ನೊಂದು ಪದ್ಧತಿಯನ್ನೂ ಇಲ್ಲಿ ಹೇಳಬೇಕು. ದೊಡ್ಡ ಜಾಲಗಳು ಧ್ವನಿಮುದ್ರಿಕೆಯನ್ನು ಪ್ರಸಾರ ಮಾಡುತ್ತಿರಲಿಲ್ಲ. ಎಲ್ಲವೂ ನೇರವಾಗಿಯೇ ಬರಬೇಕೆಂಬುದು ಕಟ್ಟುನಿಟ್ಟಿನ ನಿಯಮ. 1937ರ ಮೇ 6ರಂದು ನ್ಯೂಜೆರ್ಸಿಯ ಲೇಕ್‌ಹರ್ಸ್ಟ್‌ನಲ್ಲಿ ಹಿಂಡನ್‌ಬರ್ಗ್ ವಾಯುನೌಕೆ ಹೊತ್ತಿ ಉರಿದಾಗ ಷಿಕಾಗೊದ ಡಬ್ಲ್ಯುಎಲ್‌ಎಸ್ ಕೇಂದ್ರದ ಹರ್ಬರ್ಟ್ ಮಾರಿಸನ್ ಅಲ್ಲಿದ್ದರು. ನಡುಗುವ ದನಿಯಲ್ಲಿ ಅವರು ಹೇಳಿದ್ದೆಲ್ಲ ಡಿಸ್ಕ್‌ನಲ್ಲಿ ಮುದ್ರಣವಾಯಿತು. ಎನ್‌ಬಿಸಿ ತನ್ನ ನಿಯಮವನ್ನು ಬದಿಗಿಟ್ಟು ಮರುದಿನ ಅದನ್ನು ಬಿತ್ತರಿಸಿತು. ಇಂದು ಯೂಟ್ಯೂಬ್‌ನಲ್ಲಿ ನಾವು ನೋಡುವ ಆ ದುರಂತದ ದೃಶ್ಯಕ್ಕೆ ಮಾರಿಸನ್ ಅವರ ದನಿ ಜೊತೆಯಾಗಿರುತ್ತದೆ. ಆದರೆ ಚಿತ್ರ ತೆಗೆದದ್ದು ಸಿನಿಮಾ ಮಂದಿರಗಳಿಗೆ ವಾರ್ತಾಚಿತ್ರ ಒದಗಿಸುತ್ತಿದ್ದವರು, ದನಿ ರೇಡಿಯೊದ್ದು; ಎರಡನ್ನೂ ಸೇರಿಸಿದ್ದು ಆಮೇಲೆ.

## ಟಿವಿಗೆ ದಾಟಿದ ಜನ, ಹಣ, ಅಭ್ಯಾಸ

ಟಿವಿ ಬಂದಾಗ ಅದನ್ನು ಕಟ್ಟುವ ಬಂಡವಾಳ ಇದ್ದದ್ದು ರೇಡಿಯೊ ಜಾಲಗಳ ಬಳಿ. ಇದಕ್ಕೆ ಎರಡು ಕಂಪನಿಗಳ ಕಥೆಯೇ ಸಾಕ್ಷಿ. ಡ್ಯೂಮಾಂಟ್‌ಗೆ ಟಿವಿ ಜಾಲವಿತ್ತು, ರೇಡಿಯೊ ಇರಲಿಲ್ಲ. ನಷ್ಟ ತುಂಬಿಕೊಡುವ ಇನ್ನೊಂದು ವ್ಯವಹಾರವಿಲ್ಲದೆ 1956ರಲ್ಲಿ ಅದು ಮುಚ್ಚಿತು. ಮ್ಯೂಚುವಲ್‌ಗೆ ರೇಡಿಯೊ ಇತ್ತು, ಟಿವಿ ಜಾಲ ಕಟ್ಟಲಾಗಲಿಲ್ಲ. ಕೈ ಬದಲಾಗುತ್ತಲೇ 1999ರವರೆಗೆ ಬಂದು ನಿಂತುಹೋಯಿತು. ಎರಡೂ ಇದ್ದ ಎನ್‌ಬಿಸಿ, ಸಿಬಿಎಸ್, ಎಬಿಸಿಗಳೇ ಮುಂದಿನ ಮೂರು ದಶಕ ಅಮೆರಿಕದ ಟಿವಿಯನ್ನು ಆಳಿದವು.

ಹಣದ ಜೊತೆ ಕಾರ್ಯಕ್ರಮಗಳೂ ದಾಟಿದವು. 1940ರಲ್ಲಿ ಲೋವೆಲ್ ಥಾಮಸ್ ಎನ್‌ಬಿಸಿ ರೇಡಿಯೊದಲ್ಲಿ ವಾರ್ತೆ ಓದುವಾಗ ಎದುರಿಗೆ ಒಂದು ಕ್ಯಾಮೆರಾ ಇಟ್ಟು, ಅದನ್ನೇ ನ್ಯೂಯಾರ್ಕ್‌ನ ಪ್ರಾಯೋಗಿಕ ಟಿವಿ ಕೇಂದ್ರದಲ್ಲಿ ತೋರಿಸಿದರು. ಭಾನುವಾರದ ರಾಜಕೀಯ ಸಂದರ್ಶನಕ್ಕೆ ಹೆಸರಾದ ‘ಮೀಟ್ ದ ಪ್ರೆಸ್’ ಹುಟ್ಟಿದ್ದು 1945ರಲ್ಲಿ, ಮ್ಯೂಚುವಲ್ ರೇಡಿಯೊದಲ್ಲಿ. ಮಾರ್ಥಾ ರೌಂಟ್ರಿ ಮತ್ತು ಲಾರೆನ್ಸ್ ಸ್ಪಿವಾಕ್ ಅದರ ರೂವಾರಿಗಳು. 1947ರ ನವೆಂಬರ್‌ನಲ್ಲಿ ಅದು ಎನ್‌ಬಿಸಿ ಟಿವಿಗೆ ಬಂತು, ಇಂದಿಗೂ ನಡೆಯುತ್ತಿದೆ. ಮರೊ ಮತ್ತು ಫ್ರೆಡ್ ಫ್ರೆಂಡ್ಲಿ 1950ರಲ್ಲಿ ಸಿಬಿಎಸ್ ರೇಡಿಯೊಗೆ ‘ಹಿಯರ್ ಇಟ್ ನೌ’ ಮಾಡಿದರು. ಮರುವರ್ಷ ಅದೇ ತಂಡ ಟಿವಿಗೆ ಹೋದಾಗ ಹೆಸರು ‘ಸೀ ಇಟ್ ನೌ’ ಆಯಿತು. 1951ರ ನವೆಂಬರ್ 18ರ ಮೊದಲ ಕಂತಿನಲ್ಲಿ ಪೂರ್ವ ಕರಾವಳಿಯ ಬ್ರೂಕ್ಲಿನ್ ಸೇತುವೆಯನ್ನೂ ಪಶ್ಚಿಮದ ಗೋಲ್ಡನ್ ಗೇಟ್ ಸೇತುವೆಯನ್ನೂ ಅಕ್ಕಪಕ್ಕದ ತೆರೆಗಳಲ್ಲಿ ನೇರವಾಗಿ ತೋರಿಸಿದರು. ಎರಡು ಕರಾವಳಿಗಳ ನಡುವೆ ಟಿವಿ ಸಂಪರ್ಕ ಸಾಧ್ಯವಾಗಿ ಆಗಿನ್ನೂ ಮೂರು ತಿಂಗಳೂ ಆಗಿರಲಿಲ್ಲ.

ಅಭ್ಯಾಸಗಳೂ ದಾಟಿದವು. ಸಂಜೆಯ ರೇಡಿಯೊ ವಾರ್ತೆ ಸಾಮಾನ್ಯವಾಗಿ 15 ನಿಮಿಷದ್ದು. 1948ರಲ್ಲಿ ಡಗ್ಲಸ್ ಎಡ್ವರ್ಡ್ಸ್ ಸಿಬಿಎಸ್ ಟಿವಿಯಲ್ಲಿ ಸಂಜೆಯ ವಾರ್ತೆ ಆರಂಭಿಸಿದಾಗ ಅದೂ 15 ನಿಮಿಷದ್ದೇ. ಟಿವಿಗೆ ಅರ್ಧ ಗಂಟೆ ಸಿಕ್ಕಿದ್ದು 1963ರ ಸೆಪ್ಟೆಂಬರ್ 2ರಂದು, ಸಿಬಿಎಸ್ ನಿರೂಪಕ ವಾಲ್ಟರ್ ಕ್ರಾಂಕೈಟ್ ಅವರ ಕಾಲದಲ್ಲಿ. ಯುದ್ಧವರದಿಯಿಂದ ಹೆಸರು ಮಾಡಿದ್ದ ರೇಡಿಯೊದ ಹಿರಿಯರು ಆರಂಭದಲ್ಲಿ ಟಿವಿಯತ್ತ ಹೆಚ್ಚು ಒಲವು ತೋರಲಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಪ್ರತಿಷ್ಠೆ ಇದ್ದದ್ದು ರೇಡಿಯೊದಲ್ಲಿ.

## ಕ್ಯಾಮೆರಾ ಬಿಸಿಯಾಗುವವರೆಗೆ

ಎರಡು ಮಾಧ್ಯಮಗಳ ಸಾಮರ್ಥ್ಯ ಎಷ್ಟು ಬೇರೆಯಾಗಿತ್ತು ಎಂಬುದನ್ನು 1963ರ ನವೆಂಬರ್ 22 ತೋರಿಸುತ್ತದೆ. ಡಲ್ಲಾಸ್‌ನಲ್ಲಿ ಮಧ್ಯಾಹ್ನ 12.30ಕ್ಕೆ ಅಧ್ಯಕ್ಷ ಜಾನ್ ಕೆನಡಿ ಅವರ ಮೇಲೆ ಗುಂಡು ಹಾರಿತು. ಯುಪಿಐ ಸುದ್ದಿಸಂಸ್ಥೆಯ ಸಂದೇಶ 12.34ಕ್ಕೆ ಟೆಲಿಪ್ರಿಂಟರ್‌ಗಳಲ್ಲಿ ಮೂಡಿತು. 12.36ಕ್ಕೆ ಎಬಿಸಿ ರೇಡಿಯೊದ ಡಾನ್ ಗಾರ್ಡಿನರ್ ಅದನ್ನು ಓದಿದರು. ರೇಡಿಯೊಗೆ ಬೇಕಾದದ್ದು ಒಂದು ಮೈಕು, ಒಂದು ಹಾಳೆ.

ಸಿಬಿಎಸ್ ಟಿವಿಯಲ್ಲಿ ಆಗ ಧಾರಾವಾಹಿಯೊಂದು ನಡೆಯುತ್ತಿತ್ತು. 12.40ರ ಹೊತ್ತಿಗೆ ತೆರೆಯ ಮೇಲೆ ‘ಬುಲೆಟಿನ್’ ಎಂಬ ಫಲಕ ಬಂತು, ಹಿಂದಿನಿಂದ ಕ್ರಾಂಕೈಟ್ ಅವರ ದನಿ ಕೇಳಿತು. ಅವರ ಮುಖ ಕಾಣಲಿಲ್ಲ. ಅಂದಿನ ಟಿವಿ ಕ್ಯಾಮೆರಾಗಳು ಗಾಜಿನ ನಿರ್ವಾತ ಕೊಳವೆಗಳಿಂದ ಕೆಲಸ ಮಾಡುತ್ತಿದ್ದವು. ಚಿತ್ರ ಮೂಡುವಷ್ಟು ಬಿಸಿಯಾಗಲು ಸುಮಾರು 20 ನಿಮಿಷ ಬೇಕಿತ್ತು, ಸುದ್ದಿಮನೆಯ ಕ್ಯಾಮೆರಾವನ್ನು ಆಗ ಆಫ್ ಮಾಡಲಾಗಿತ್ತು. ಆದ್ದರಿಂದ ಟಿವಿ ಇತಿಹಾಸದ ಅತ್ಯಂತ ದೊಡ್ಡ ಸುದ್ದಿಗಳಲ್ಲಿ ಒಂದರ ಮೊದಲ ನಿಮಿಷಗಳು ಟಿವಿಯಲ್ಲೂ ಬರೀ ದನಿಯಾಗಿ ಬಂದವು. ಕ್ರಾಂಕೈಟ್ ತೆರೆಯ ಮೇಲೆ ಕಾಣಿಸಿಕೊಂಡದ್ದು ಒಂದು ಗಂಟೆಯ ಸುಮಾರಿಗೆ. ಅಧ್ಯಕ್ಷರ ಸಾವನ್ನು ಖಚಿತಪಡಿಸಿ ಅವರು ಕನ್ನಡಕ ತೆಗೆದು ಗಡಿಯಾರದತ್ತ ನೋಡಿದ ದೃಶ್ಯವೇ ಜನರ ನೆನಪಿನಲ್ಲಿ ನಿಂತಿದೆ. ಸುದ್ದಿಯನ್ನು ಮೊದಲು ಮುಟ್ಟಿಸಿದ್ದು ರೇಡಿಯೊ, ಆ ದುಃಖವನ್ನು ಕಣ್ಣೆದುರು ನಿಲ್ಲಿಸಿದ್ದು ಟಿವಿ.

## ಗಂಟೆಗೊಮ್ಮೆ ಬರುವ ಐದು ನಿಮಿಷ

ನಾಟಕ, ಹಾಸ್ಯ, ಸಂಗೀತ ಕಛೇರಿಗಳೆಲ್ಲ ಟಿವಿಗೆ ಹೋದ ಮೇಲೆ ರೇಡಿಯೊ ಜಾಲಕ್ಕೆ ಉಳಿದದ್ದು ಮುಖ್ಯವಾಗಿ ಗಂಟೆಗೊಮ್ಮೆಯ ವಾರ್ತೆ. ಇದು ನಡೆಯುವ ಬಗೆ ಸರಳ. ಕೇಂದ್ರವು ವಾರ್ತೆಗಾಗಿ ಜಾಲಕ್ಕೆ ಹಣ ಕೊಡುವ ಬದಲು ತನ್ನ ಪ್ರಸಾರದಲ್ಲಿ ಕೆಲವು ನಿಮಿಷ ಬಿಟ್ಟುಕೊಡುತ್ತದೆ. ಆ ನಿಮಿಷಗಳಲ್ಲಿ ಜಾಲ ತನ್ನ ಜಾಹೀರಾತು ಮಾರಿಕೊಳ್ಳುತ್ತದೆ. ಸುದ್ದಿಗೆ ಬದಲಾಗಿ ಸಮಯ, ಅಷ್ಟೆ. ಸಣ್ಣ ಊರಿನ ಕೇಂದ್ರಕ್ಕೆ ಹೀಗೆ ವಾಷಿಂಗ್ಟನ್, ಲಂಡನ್‌ಗಳ ವರದಿ ಕೈಗೆಟಕುತ್ತದೆ.

ಟಿವಿಯ ವರದಿಗಾರನೇ ರೇಡಿಯೊಗೂ ದುಡಿಯುತ್ತಾನೆ. ಶ್ವೇತಭವನದ ಮುಂದೆ ನಿಂತು ಸಂಜೆಯ ಟಿವಿ ವಾರ್ತೆಗೆ ಎರಡು ನಿಮಿಷದ ವರದಿ ಸಿದ್ಧಪಡಿಸುವವನು ಅದಕ್ಕೂ ಮೊದಲೇ ರೇಡಿಯೊಗೆ ಅರ್ಧ ನಿಮಿಷದ್ದನ್ನು ಓದಿ ಕಳುಹಿಸಿರುತ್ತಾನೆ. ಬರೀ ವರದಿಗಾರನ ದನಿ ಇದ್ದರೆ ಅದು ‘ವಾಯ್ಸರ್’. ಸುದ್ದಿಗೆ ಸಂಬಂಧಪಟ್ಟವರ ಮಾತಿನ ತುಣುಕು ‘ಆಕ್ಚುಯಾಲಿಟಿ’. ವರದಿಗಾರನ ದನಿಯ ನಡುವೆ ಆ ತುಣುಕನ್ನು ಕೂರಿಸಿದರೆ ‘ರ‍್ಯಾಪ್’. ರೇಡಿಯೊಗೆ ಬರೆಯುವಾಗ ಚಿತ್ರ ಹೇಳುವುದನ್ನೂ ಮಾತೇ ಹೇಳಬೇಕು. ಹಾಗಾಗಿ ಟಿವಿ ವರದಿಯ ಧ್ವನಿಯನ್ನು ಹಾಗೆಯೇ ಕತ್ತರಿಸಿ ಬಳಸಿದರೆ ಬಹುತೇಕ ಸಾಲುಗಳು ಅರ್ಧಂಬರ್ಧ ಎನಿಸುತ್ತವೆ.

1968ರ ಜನವರಿ 1ರಂದು ಎಬಿಸಿ ಈ ವ್ಯವಸ್ಥೆಯಲ್ಲಿ ಒಂದು ಜಾಣ ಬದಲಾವಣೆ ತಂದಿತು. ರಾಕ್ ಸಂಗೀತ ಹಾಕುವ ಕೇಂದ್ರಕ್ಕೂ ಮಾತುಕತೆಯ ಕೇಂದ್ರಕ್ಕೂ ಒಂದೇ ಧಾಟಿಯ ವಾರ್ತೆ ಹೊಂದುವುದಿಲ್ಲ ಎಂಬುದು ಅದರ ಆಲೋಚನೆ. ಅದು ತನ್ನ ರೇಡಿಯೊವನ್ನು ನಾಲ್ಕು ಜಾಲಗಳಾಗಿ ಒಡೆಯಿತು: ಮಾಹಿತಿ, ಮನರಂಜನೆ, ಸಮಕಾಲೀನ, ಎಫ್‌ಎಂ. ಆದರೆ ಒಂದೇ ಕಂಪನಿ ಏಕಕಾಲಕ್ಕೆ ಎರಡು ಜಾಲ ನಡೆಸಬಾರದೆಂಬ 1941ರ ನಿಯಮ ಇದೆಯಲ್ಲ? ಎಬಿಸಿ ನಾಲ್ಕು ವಾರ್ತೆಗಳನ್ನು ನಾಲ್ಕು ಹೊತ್ತಿಗೆ ಇಟ್ಟಿತು. ಮಾಹಿತಿ ಜಾಲಕ್ಕೆ ಗಂಟೆ ಹೊಡೆದೊಡನೆ, ಎಫ್‌ಎಂಗೆ ಕಾಲು ಗಂಟೆಗೆ, ಮನರಂಜನೆಗೆ ಅರ್ಧ ಗಂಟೆಗೆ, ಸಮಕಾಲೀನಕ್ಕೆ ಗಂಟೆಗೆ ಐದು ನಿಮಿಷವಿರುವಾಗ. ಎಫ್‌ಸಿಸಿ ಒಪ್ಪಿತು. ದೂರವಾಣಿ ಕಂಪನಿಯಿಂದ ಬಾಡಿಗೆಗೆ ಪಡೆದ ಒಂದೇ ತಂತಿಯಲ್ಲಿ ನಾಲ್ಕೂ ಸಾಗಿದವು.

ಇದೇ ಕಾಲದಲ್ಲಿ ದಿನವಿಡೀ ಸುದ್ದಿ ಹೇಳುವ ರೇಡಿಯೊ ಕೇಂದ್ರಗಳೂ ಬಂದವು: ನ್ಯೂಯಾರ್ಕ್‌ನಲ್ಲಿ 1965ರಲ್ಲಿ ವಿನ್ಸ್, 1967ರಲ್ಲಿ ಸಿಬಿಎಸ್‌ನ ಸ್ವಂತ ಡಬ್ಲ್ಯುಸಿಬಿಎಸ್. ದಿನದ 24 ಗಂಟೆ ಟಿವಿ ಸುದ್ದಿ ಕೊಟ್ಟ ಸಿಎನ್‌ಎನ್ ಹುಟ್ಟಿದ್ದು 1980ರಲ್ಲಿ. ನಿರಂತರ ಸುದ್ದಿ ಎಂಬ ಕಲ್ಪನೆಯಲ್ಲೂ ರೇಡಿಯೊವೇ ಮುಂದಿತ್ತು.

ಎರಡೂ ಲೋಕಗಳಲ್ಲಿ ಸಲೀಸಾಗಿ ಓಡಾಡಿದವರಲ್ಲಿ ಚಾರ್ಲ್ಸ್ ಓಸ್‌ಗುಡ್ ಅವರನ್ನು ಮರೆಯಲಾಗದು. ಬೆಳಗಿನ ರೇಡಿಯೊದಲ್ಲಿ ಅವರ ‘ದ ಓಸ್‌ಗುಡ್ ಫೈಲ್’ 1971ರಿಂದ 2017ರವರೆಗೆ ನಡೆಯಿತು. 1994ರಿಂದ 2016ರವರೆಗೆ ಅವರು ಸಿಬಿಎಸ್ ಟಿವಿಯ ಭಾನುವಾರದ ಬೆಳಗಿನ ಕಾರ್ಯಕ್ರಮವನ್ನೂ ನಿರೂಪಿಸಿದರು. ಪ್ರತಿ ವಾರ ಟಿವಿ ವೀಕ್ಷಕರಿಗೆ ಅವರು ಹೇಳುತ್ತಿದ್ದ ಬೀಳ್ಕೊಡುಗೆಯ ಮಾತು: ರೇಡಿಯೊದಲ್ಲಿ ನಿಮ್ಮನ್ನು ಕಾಣುತ್ತೇನೆ.

## ಹೆಸರು ಒಬ್ಬರದು, ಒಡೆತನ ಇನ್ನೊಬ್ಬರದು

ಈಗ ಕಾರಿನ ರೇಡಿಯೊದ ಪ್ರಶ್ನೆ. 1980ರ ದಶಕದವರೆಗೆ ಎನ್‌ಬಿಸಿ ರೇಡಿಯೊ ಎಂದರೆ ಎನ್‌ಬಿಸಿಯದ್ದೇ. 1986ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಎನ್‌ಬಿಸಿಯ ಮಾತೃಸಂಸ್ಥೆ ಆರ್‌ಸಿಎಯನ್ನು ಕೊಂಡಿತು. ಮರುವರ್ಷ ರೇಡಿಯೊ ಜಾಲವನ್ನು ವೆಸ್ಟ್‌ವುಡ್ ಒನ್ ಎಂಬ ಕಂಪನಿಗೆ ಮಾರಿತು. ಅಮೆರಿಕದ ಮೊದಲ ದೊಡ್ಡ ಜಾಲ ರೇಡಿಯೊದಿಂದ ಹೊರನಡೆದದ್ದು ಹೀಗೆ. ನಂತರದ ವರ್ಷಗಳಲ್ಲಿ ರೇಡಿಯೊದಲ್ಲಿ ಕೇಳಿಬಂದ ಎನ್‌ಬಿಸಿ ಎಂಬ ಹೆಸರು ಒಪ್ಪಂದದ ಮೇಲೆ ಬೇರೆ ಕಂಪನಿಗಳು ಬಳಸಿದ್ದು. ಹೆಸರೂ ಕೆಲವು ಧ್ವನಿತುಣುಕುಗಳೂ ಎನ್‌ಬಿಸಿಯವಾದರೂ ವಾರ್ತೆ ಓದುವವರು ಎನ್‌ಬಿಸಿಯ ನೌಕರರೇ ಆಗಿರಬೇಕೆಂದಿಲ್ಲ.

ಎಬಿಸಿಯ ಹಾದಿ ಬೇರೆ. 2007ರಲ್ಲಿ ಅದರ ಒಡೆಯ ಡಿಸ್ನಿ ಬಹುಪಾಲು ರೇಡಿಯೊ ಕೇಂದ್ರಗಳನ್ನೂ ಜಾಲವನ್ನೂ ಸಿಟಾಡೆಲ್ ಕಂಪನಿಗೆ ಬಿಟ್ಟುಕೊಟ್ಟಿತು, ರೇಡಿಯೊ ಸುದ್ದಿಮನೆಯನ್ನು ಮಾತ್ರ ಉಳಿಸಿಕೊಂಡಿತು. ಅಂದರೆ ವಾರ್ತೆ ಸಿದ್ಧಪಡಿಸುವುದು ಎಬಿಸಿ ನ್ಯೂಸ್, ಕೇಂದ್ರಗಳಿಗೆ ತಲುಪಿಸುವುದು ಇನ್ನೊಂದು ಕಂಪನಿ, ಪ್ರಸಾರ ಮಾಡುವುದು ಮೂರನೆಯದು. ಸಿಬಿಎಸ್ ತನ್ನ ರೇಡಿಯೊ ಕೇಂದ್ರಗಳನ್ನು 2017ರ ನವೆಂಬರ್‌ನಲ್ಲಿ ಎಂಟರ್‌ಕಾಮ್‌ಗೆ ಒಪ್ಪಿಸಿತು. ಸುದ್ದಿಸೇವೆಯನ್ನು ಆಗ ತನ್ನ ಬಳಿಯೇ ಇಟ್ಟುಕೊಂಡಿತು. ನ್ಯೂಯಾರ್ಕ್‌ನ ಡಬ್ಲ್ಯುಸಿಬಿಎಸ್ 880 ಹೊಸ ಒಡೆಯರ ಕೈಯಲ್ಲಿ ಏಳು ವರ್ಷ ಅದೇ ಹೆಸರಿನಲ್ಲಿ ಸುದ್ದಿ ಹೇಳಿತು. 2024ರ ಆಗಸ್ಟ್‌ನಲ್ಲಿ ಆ ತರಂಗಾಂತರ ಕ್ರೀಡೆಗೆ ಹೋಯಿತು. ಐವತ್ತೇಳು ವರ್ಷಗಳ ಸುದ್ದಿ ಕೇಂದ್ರವೊಂದು ಇಲ್ಲವಾದದ್ದು ಆ ಊರಿಗೆ ಸಣ್ಣ ನಷ್ಟವಲ್ಲ.

ಹಿಮ್ಮುಖವಾಗಿ ನಡೆದವರೂ ಇದ್ದಾರೆ. ಕೇಬಲ್ ಟಿವಿಯಲ್ಲಿ ಹುಟ್ಟಿದ ಸಿಎನ್‌ಎನ್ 1982ರಿಂದ 2012ರವರೆಗೆ ರೇಡಿಯೊ ಸೇವೆಯನ್ನೂ ನಡೆಸಿತು. 1996ರಲ್ಲಿ ಆರಂಭವಾದ ಫಾಕ್ಸ್ ನ್ಯೂಸ್ ಮುಂದಿನ ದಶಕದಲ್ಲಿ ಫಾಕ್ಸ್ ನ್ಯೂಸ್ ರೇಡಿಯೊ ಕಟ್ಟಿತು. ಟಿವಿಯ ಹೆಸರೇ ರೇಡಿಯೊಗೆ ಬಂಡವಾಳವಾಗುವ ಕಾಲ ಬಂದಿತ್ತು.

## ಎನ್‌ಪಿಆರ್, ಪಿಬಿಎಸ್: ಅಣ್ಣತಮ್ಮಂದಿರು, ಬೇರೆ ಮನೆ

ದೂರದರ್ಶನ 1976ರವರೆಗೆ ಆಕಾಶವಾಣಿಯ ಭಾಗವಾಗಿತ್ತು. ಈಗ ಎರಡೂ ಪ್ರಸಾರ ಭಾರತಿಯ ಅಡಿಯಲ್ಲಿವೆ. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ಸಾರ್ವಜನಿಕ ಪ್ರಸಾರವನ್ನು ನೋಡಿದರೆ ತಪ್ಪು ತಿಳಿವಳಿಕೆಯಾಗುತ್ತದೆ. ರೇಡಿಯೊದ ಎನ್‌ಪಿಆರ್ ಮತ್ತು ಟಿವಿಯ ಪಿಬಿಎಸ್ ಪ್ರತ್ಯೇಕ ಖಾಸಗಿ ಸಂಸ್ಥೆಗಳು, ಲಾಭಕ್ಕಾಗಿ ನಡೆಯುವಂಥವಲ್ಲ. ಎರಡೂ ಸರ್ಕಾರದ ಇಲಾಖೆಗಳೂ ಅಲ್ಲ. 1967ರ ಕಾಯ್ದೆಯಿಂದ ಹುಟ್ಟಿದ ಸಿಪಿಬಿ ಎಂಬ ನಿಗಮ ಸಂಸತ್ತಿನ ಹಣವನ್ನು ಪಡೆದು ಹಂಚುತ್ತಿತ್ತು. ಅದರಲ್ಲಿ ಶೇ 70ಕ್ಕೂ ಹೆಚ್ಚು ಹೋಗುತ್ತಿದ್ದುದು ಊರೂರಿನ ಕೇಂದ್ರಗಳಿಗೆ. ಎನ್‌ಪಿಆರ್‌ಗೆ ನೇರವಾಗಿ ಸಿಗುತ್ತಿದ್ದದ್ದು ಅದರ ಆದಾಯದ ಶೇ 1ರಷ್ಟು ಮಾತ್ರ.

ಎರಡರ ನಡುವೆ ಸಹಕಾರ ಇಲ್ಲವೆಂದಲ್ಲ. 2016ರಲ್ಲಿ ಎರಡೂ ರಾಜಕೀಯ ಪಕ್ಷಗಳ ಸಮಾವೇಶಗಳನ್ನು ಎನ್‌ಪಿಆರ್ ಮತ್ತು ‘ಪಿಬಿಎಸ್ ನ್ಯೂಸ್‌ಅವರ್’ ಜೊತೆಗೂಡಿ ವರದಿ ಮಾಡಿದವು. ಆದರೆ ನಂಟು ನಿಜವಾಗಿ ಗಟ್ಟಿಯಾಗಿರುವುದು ಊರಿನ ಮಟ್ಟದಲ್ಲಿ. ಬಾಸ್ಟನ್‌ನ ಜಿಬಿಎಚ್, ಸ್ಯಾನ್ ಫ್ರಾನ್ಸಿಸ್ಕೊದ ಕೆಕ್ಯುಇಡಿ ರೇಡಿಯೊ, ಟಿವಿ ಎರಡರ ಪರವಾನಗಿಯನ್ನೂ ಹೊಂದಿವೆ. ಅಲಾಸ್ಕಾದ ಬೆಥೆಲ್ ಎಂಬ ಪುಟ್ಟ ಊರಿನ ಕೆವೈಯುಕೆ ಕೂಡ ಹಾಗೆಯೇ. ರಸ್ತೆಯ ಸಂಪರ್ಕವೇ ಇಲ್ಲದ ಆ ಸೀಮೆಯಲ್ಲಿ ಅದು ಇಂಗ್ಲಿಷಿನ ಜೊತೆಗೆ ಯೂಪಿಕ್ ಎಂಬ ಸ್ಥಳೀಯ ಭಾಷೆಯಲ್ಲಿ ವಾರ್ತೆ ಕೊಡುತ್ತದೆ. ಇಂಥ ಕೇಂದ್ರಕ್ಕೆ ಸಿಪಿಬಿಯ ಹಣವೇ ಬಹುಪಾಲು ಆಧಾರವಾಗಿತ್ತು. 2025ರಲ್ಲಿ ಹಣ ನಿಂತು ಸಿಪಿಬಿ ಬಾಗಿಲು ಮುಚ್ಚಲು ಸಿದ್ಧವಾದಾಗ ವಾಷಿಂಗ್ಟನ್ನಿನ ಎನ್‌ಪಿಆರ್‌ಗಿಂತ ಹೆಚ್ಚು ಪೆಟ್ಟು ಬಿದ್ದದ್ದು ಇಂಥ ಊರುಗಳಿಗೆ.

## ಟಿವಿಯನ್ನು ಕೇಳುವವರು

ಟಿವಿ ಸುದ್ದಿಯನ್ನು ರೇಡಿಯೊದಲ್ಲಿ ಕೇಳುವ ಅಭ್ಯಾಸ ಅಮೆರಿಕದಲ್ಲಿ ಹಳೆಯದು. ಹಳೆಯ ಅನಲಾಗ್ ಟಿವಿಯಲ್ಲಿ 6ನೇ ಚಾನೆಲ್‌ನ ಧ್ವನಿ 87.75 ಮೆಗಾಹರ್ಟ್ಸ್‌ನಲ್ಲಿ ಸಾಗುತ್ತಿತ್ತು, ಎಂದರೆ ಎಫ್‌ಎಂ ಪಟ್ಟಿಯ ಎಡತುದಿಯಲ್ಲಿ. ಫಿಲಡೆಲ್ಫಿಯಾದ ಎಬಿಸಿ ಕೇಂದ್ರ ಡಬ್ಲ್ಯುಪಿವಿಐ 6ನೇ ಚಾನೆಲ್‌ನಲ್ಲಿದ್ದುದರಿಂದ ಆ ಊರಿನ ಚಾಲಕರು ಸಂಜೆಯ ಟಿವಿ ವಾರ್ತೆಯನ್ನು ಕಾರಿನ ಎಫ್‌ಎಂನಲ್ಲೇ ಕೇಳಬಹುದಾಗಿತ್ತು. 2009ರ ಜೂನ್ 12ರಂದು ದೊಡ್ಡ ಕೇಂದ್ರಗಳ ಅನಲಾಗ್ ಪ್ರಸಾರ ನಿಂತಾಗ ಈ ಅನುಕೂಲವೂ ಹೋಯಿತು.

ಈಗ ಅದೇ ಕೆಲಸವನ್ನು ಉಪಗ್ರಹ ರೇಡಿಯೊ ಮತ್ತು ಪಾಡ್‌ಕಾಸ್ಟ್ ಮಾಡುತ್ತಿವೆ. ಸಿರಿಯಸ್ ಎಕ್ಸ್‌ಎಂ ಚಂದಾದಾರರು ಸಿಎನ್‌ಎನ್, ಫಾಕ್ಸ್ ನ್ಯೂಸ್‌ಗಳ ಟಿವಿ ಧ್ವನಿಯನ್ನು ಕಾರಿನಲ್ಲಿ ನೇರವಾಗಿ ಕೇಳುತ್ತಾರೆ. ‘ಮೀಟ್ ದ ಪ್ರೆಸ್’ ಟಿವಿಯಲ್ಲಿ ಬಂದ ದಿನವೇ ಫೋನಿನಲ್ಲಿ ಪಾಡ್‌ಕಾಸ್ಟ್ ಆಗಿ ಸಿಗುತ್ತದೆ. ಎಬಿಸಿಯ ರೇಡಿಯೊ ಸುದ್ದಿಮನೆ ತನ್ನ ಹೆಸರನ್ನು ಎಬಿಸಿ ಆಡಿಯೊ ಎಂದು ಬದಲಿಸಿಕೊಂಡು, 2018ರಿಂದ ‘ಸ್ಟಾರ್ಟ್ ಹಿಯರ್’ ಎಂಬ ದೈನಿಕ ಪಾಡ್‌ಕಾಸ್ಟ್ ಹೊರತರುತ್ತಿದೆ. ಅದರಲ್ಲಿ ಮಾತನಾಡುವವರು ಎಬಿಸಿಯ ಟಿವಿ ವರದಿಗಾರರೇ. ಇಲ್ಲಿ ಅಫಿಲಿಯೇಟ್ ಕೇಂದ್ರದ ಗೋಪುರ ಬೇಕಿಲ್ಲ, ಎಫ್‌ಸಿಸಿ ಪರವಾನಗಿ ಬೇಕಿಲ್ಲ. ಕಾರ್ಯಕ್ರಮವನ್ನು ನಿರಾಕರಿಸುವ ಹಕ್ಕುಳ್ಳ ಕೇಂದ್ರ ನಡುವೆ ಇಲ್ಲವೇ ಇಲ್ಲ.